ಅಲ್ಪವೆಚ್ಚದ ಆಟದ ಗಣಕಯಂತ್ರ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಲೇಖ)



ನನಗಿಂತ ಮೊದಲು ಈ ವೇದಿಕೆಯಿಂದ ಮಾತನಾಡಿದವರು ಪಂಪನ ವಿಷಯವನ್ನೂ ಶರಣರ ವಿಷಯವನ್ನೂ ಹೇಳಿದರು. ಅವರ ಬೆನ್ನಹಿಂದೆಯೇ ನಿಂತು ಮಕ್ಕಳು ಆಟವಾಡುವ ಕಂಪ್ಯೂಟರಿನ ವಿಷಯ ಮಾತನಾಡುವುದು ಹೋಳಿಗೆಯ ಊಟವಾದ ಮೇಲೆ ಮಂಡಕ್ಕಿ ಬಡಿಸಿದಂತೆ ತೋರಬಹುದು. ಆದರೆ ಸಮಿತಿಯವರು ಈ ವಿಷಯವನ್ನೇ ಆರಿಸಿಕೊಟ್ಟದ್ದಕ್ಕೆ ಕಾರಣವುಂಟು. ಖಾರಘರದ ನಮ್ಮ ಕನ್ನಡ ಮನೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನೋ ಹುಡುಗಿಯೋ ಇದ್ದರೆ ಈ ಬೇಡಿಕೆ ಒಂದು ಸಲವಾದರೂ ಏಳದೆ ಇರುವುದಿಲ್ಲ. "ಒಂದೂವರೆ ಲಕ್ಷವಿಲ್ಲದೆ ಆಗದು" ಎಂದು ಮಗ; "ಒಂದು ಕಾಸೂ ಕೊಡೆನು" ಎಂದು ತಂದೆ; ನಡುವೆ ಸಿಕ್ಕಿಕೊಂಡವಳು ತಾಯಿ. ಇದಕ್ಕಾಗಿ ತಿಂಗಳುಗಟ್ಟಲೆ ತಂದೆಮಕ್ಕಳು ಮಾತು ಬಿಟ್ಟ ಮನೆಯೂ ಉಂಟು. ಮಾತು ಸೋತು ಕಂತಿನ ಸಾಲಕ್ಕೆ ಕೈಯೊಡ್ಡಿದ ಮನೆಯೂ ಉಂಟು. ನಾನು ಬ್ಯಾಂಕಿನ ಗುಮಾಸ್ತ. ನನ್ನ ಕಣ್ಣಿಗೆ ಈ ಇಬ್ಬರ ಮಾತಿನಲ್ಲಿಯೂ ಇಲ್ಲದ ವಸ್ತು ಒಂದೇ: ಲೆಕ್ಕ. ಆ ಲೆಕ್ಕವನ್ನು ತಮ್ಮ ಮುಂದೆ ಬಿಡಿಸಿಡುವುದಷ್ಟೇ ನನ್ನ ಉದ್ದೇಶ.

ಮೊದಲು ಒಂದು ಸಂಶಯ ಪರಿಹಾರವಾಗಬೇಕು. ಆಟವೆಂದ ಕೂಡಲೆ ಹಿರಿಯರ ಮನಸ್ಸಿಗೆ ಬರುವುದು ಹಣ ಒಡ್ಡಿ ಆಡುವ ಮೊಬೈಲಿನ ಜೂಜು. ಆ ಹಣದಾಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿಯೇ ನಿಷೇಧಿಸಿತು. ಅದೇ ಕಾಯಿದೆ ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿ ಪ್ರೋತ್ಸಾಹಕ್ಕೆ ಯೋಗ್ಯವೆಂದೂ ಹೇಳಿತು. ನಾನು ಹೇಳುತ್ತಿರುವ ಆಟ ಈ ಎರಡನೆಯ ಪಂಗಡದ್ದು. ಅದಕ್ಕೂ ಮಿತಿ ಬೇಕು, ನಿಜ. ಆ ಮಿತಿಯನ್ನು ಹಾಕಬೇಕಾದವರು ಮನೆಯವರು. ಆದರೆ ಆಟಕ್ಕೆಂದು ಜೋಡಿಸಿದ ಯಂತ್ರದಲ್ಲಿಯೇ ಚಿತ್ರ ಬಿಡಿಸಬಹುದು, ಪ್ರೋಗ್ರಾಮು ಬರೆಯಬಹುದು, ಸಂಘದ ನಾಟಕದ ಚಿತ್ರಣವನ್ನು ಸಂಕಲನ ಮಾಡಬಹುದು, ಸೊಸೈಟಿಯ ಜಮಾಖರ್ಚನ್ನೂ ಇಡಬಹುದು.

ಗಣಕವನ್ನು ಸ್ವಂತವಾಗಿ ಜೋಡಿಸುವುದು ಮುಂಬಯಿಗೆ ಹೊಸ ಸಂಗತಿಯಲ್ಲ. ನಮ್ಮ ದೇಶದವರೇ ರಚಿಸಿದ ಮೊದಲ ವಿದ್ಯುನ್ಮಾನ ಗಣಕಗಳಲ್ಲಿ ಒಂದು ಇಲ್ಲಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1960ರಲ್ಲಿ ಕೆಲಸಕ್ಕೆ ನಿಂತಿತು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂದು ಹೆಸರಾಯಿತು. ಸುಮಾರು 2,700 ನಿರ್ವಾತ ನಳಿಕೆಗಳಿದ್ದ ಆ ಮಹಾಯಂತ್ರದ ನೆನಪಿನ ಶಕ್ತಿ ತಲಾ 40 ಬಿಟ್ಟುಗಳ 2,048 ಪದಗಳು. ಇಂದಿನ ಭಾಷೆಯಲ್ಲಿ ಹೇಳಿದರೆ ಹತ್ತು ಕಿಲೋಬೈಟ್. ಇಂದು ಹುಡುಗರು ಸಾಮಾನ್ಯವಾಗಿ ಕೊಳ್ಳುವ 16 ಜಿಬಿ ರ್ಯಾಮ್ ಅದಕ್ಕಿಂತ ಹದಿನಾರು ಲಕ್ಷ ಪಟ್ಟಿಗೂ ಮಿಗಿಲು. ಹಾಗೆಂದು ಕೊಂಡವನು ನರಸಿಂಹನ್ ಆಗುವುದಿಲ್ಲ. ಆದರೆ ಯಾವ ಭಾಗ ಯಾವ ಕೆಲಸ ಮಾಡುತ್ತದೆಂದು ತಿಳಿದು ಜೋಡಿಸಿದವನಿಗೆ ಆ ವಿದ್ಯೆಯ ಹೊಸ್ತಿಲು ಕಾಣುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಗಾದೆ. ಈ ವ್ಯವಹಾರದಲ್ಲಿ ಹಾಸಿಗೆ ಯಾವುದು? ಕಿಸೆಯೆಂದು ತಾವು ಹೇಳುವಿರಿ. ಕಿಸೆಯ ಜೊತೆಗೆ ಪರದೆಯೂ ಹೌದೆಂದು ನಾನು ಹೇಳುತ್ತೇನೆ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಆಟವು ಸರಾಗವಾಗಿ ಕಾಣಬೇಕಾದರೆ ಈ ಎಲ್ಲ ಚುಕ್ಕೆಗಳನ್ನೂ ಸೆಕೆಂಡಿಗೆ 60 ಸಲವಾದರೂ ಹೊಸದಾಗಿ ಬರೆಯಬೇಕು. ಎಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆ. ನಾಲ್ಕು-ಕೆ ಎಂಬ ಪರದೆಯಲ್ಲಿ ಚುಕ್ಕೆಗಳು ಸರಿಯಾಗಿ ನಾಲ್ಕು ಪಟ್ಟು. ಈ ಕೂಲಿಯನ್ನು ಮಾಡುವುದು ಗ್ರಾಫಿಕ್ಸ್ ಕಾರ್ಡು. ಆದ್ದರಿಂದ ಪರದೆ ದೊಡ್ಡದಾದರೆ ಕಾರ್ಡು ದೊಡ್ಡದಾಗಬೇಕು, ಕಾರ್ಡು ದೊಡ್ಡದಾದರೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ದೊಡ್ಡದಾಗಬೇಕು, ಅದರ ಬಿಸಿ ಹೊರಹೋಗಲು ಕ್ಯಾಬಿನೆಟ್ಟೂ ದೊಡ್ಡದಾಗಬೇಕು. ಖರ್ಚಿನ ಸರಪಳಿಯ ಮೊದಲ ಕೊಂಡಿ ಪರದೆಯಲ್ಲಿದೆ. ಅಲ್ಪವೆಚ್ಚದವರು 1,080ರ ಪರದೆಗೆ ಗಟ್ಟಿಯಾಗಿ ಅಂಟಿಕೊಂಡರೆ ಅರ್ಧ ಗೆದ್ದಂತೆ.

ಬೆಲೆ ಎಷ್ಟೆಂದು ತಾವು ಕೇಳಬಹುದು. ಬೆಲೆಯನ್ನು ನಾನು ಹೇಳುವುದಿಲ್ಲ, ಪಾಲನ್ನು ಹೇಳುತ್ತೇನೆ. ಏಕೆಂದರೆ ಈ ಪೇಟೆಯ ಬೆಲೆ ಟೊಮೇಟೊವಿನ ಬೆಲೆಯಂತೆ ಏರಿಳಿಯುತ್ತದೆ. 2021ರಲ್ಲಿ ಕ್ರಿಪ್ಟೊ ನಾಣ್ಯ ತೆಗೆಯುವವರು ಕಾರ್ಡುಗಳನ್ನು ಬಾಚಿಕೊಂಡು ಬೆಲೆ ಗಗನಕ್ಕೇರಿತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದ ರ್ಯಾಮಿನ ಬೆಲೆ ಜಿಗಿಯಿತು. ಪಾಲು ಮಾತ್ರ ಬಹುಮಟ್ಟಿಗೆ ನಿಲ್ಲುತ್ತದೆ. ಮಾನಿಟರನ್ನು ಬಿಟ್ಟು ಪೆಟ್ಟಿಗೆಗೆಂದು ನೂರು ರೂಪಾಯಿ ಇಟ್ಟುಕೊಳ್ಳಿರಿ. ನನ್ನ ಲೆಕ್ಕ ಹೀಗೆ: ಗ್ರಾಫಿಕ್ಸ್ ಕಾರ್ಡಿಗೆ 38, ಪ್ರೊಸೆಸರಿಗೆ 18, ಮದರ್‌ಬೋರ್ಡಿಗೆ 12, ರ್ಯಾಮಿಗೆ 12, ಎಸ್‌ಎಸ್‌ಡಿಗೆ 8, ಎಸ್‌ಎಂಪಿಎಸ್‌ಗೆ 8, ಕ್ಯಾಬಿನೆಟ್ಟಿಗೆ 4. ರ್ಯಾಮಿನಂಥ ಒಂದು ಭಾಗ ತುಟ್ಟಿಯಾದಾಗ ಎರಡು ಮೂರು ರೂಪಾಯಿ ಅತ್ತಿತ್ತ ಆಗಬಹುದು. ಮೊದಲ ಸಾಲು ಕೊನೆಯ ಸಾಲಾಗಕೂಡದು.

ಈ ಪಾಲು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ. ನಮ್ಮ ಸೆಕ್ಟರಿನ ಒಬ್ಬ ಹುಡುಗ ಅಂಗಡಿಯೊಂದರಿಂದ ಬರೆಸಿಕೊಂಡ ಪಟ್ಟಿಯನ್ನು ನನ್ನ ಕೈಗಿತ್ತು, "ಅಂಕಲ್, ಇದರಲ್ಲಿ ಒಂದು ಪೈಸೆಯೂ ಕಡಿಮೆಯಾಗದಂತೆ" ಎಂದ. ನೋಡಿದರೆ ಅರ್ಧ ಹಣ ಹೆಸರುವಾಸಿ ಪ್ರೊಸೆಸರಿಗೆ. ಇನ್ನೊಂದು ಭಾಗ ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟಿಗೆ. ಎಸ್‌ಎಂಪಿಎಸ್ ಯಾವ ಕಂಪನಿಯದೆಂಬುದೇ ಬರೆದಿರಲಿಲ್ಲ. ಗ್ರಾಫಿಕ್ಸ್ ಕಾರ್ಡು ಇರಲೇ ಇಲ್ಲ! ಮದುವೆಗೆ ಚಪ್ಪರ, ಓಲಗ ಎಲ್ಲ ಸಿದ್ಧ, ಅಡಿಗೆಯವನಿಗೆ ಮಾತ್ರ ಹೇಳಿಲ್ಲ. ಅವನನ್ನೂ ಅವನ ತಂದೆಯನ್ನೂ ಒಟ್ಟಿಗೆ ಕೂರಿಸಿ ಅದೇ ಹಣವನ್ನು ಮೇಲಿನ ಪಾಲಿನಂತೆ ಹಂಚಿದೆವು. ಹುಡುಗ ಕೇಳಿದ ಆಟ ನಡೆಯುವಂತಾಯಿತು. ತಂದೆಯ ಹಣ ಒಂದು ರೂಪಾಯಿಯೂ ಹೆಚ್ಚಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ಕಾಗದದ ಮೇಲೆ ಇಬ್ಬರೂ ಬಾಗಿ ಕುಳಿತು ಎರಡು ಗಂಟೆ ಮಾತನಾಡಿದರು.

ಎಂಟು ರೂಪಾಯಿ ಪಾಲಿನ ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಅದು ಕೆಟ್ಟರೆ ತಾನೊಂದೇ ಹೋಗದೆ ಉಳಿದ ತೊಂಬತ್ತೆರಡು ರೂಪಾಯಿಯನ್ನೂ ಎಳೆದುಕೊಂಡು ಹೋಗಬಲ್ಲುದು. ಬೇಕಾದ ಶಕ್ತಿಯ ಲೆಕ್ಕ ಸುಲಭ. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವಾಟ್. 2025ರ 5060ಕ್ಕೆ 145 ವಾಟ್. ರೈಜೆನ್ 5 5600 ಪ್ರೊಸೆಸರಿನ ಮೇಲೆ ಬರೆದಿರುವುದು 65 ವಾಟ್. ಉಳಿದ ಸಣ್ಣಪುಟ್ಟವುಗಳನ್ನು ಸೇರಿಸಿದರೂ 300 ದಾಟದು. 550 ವಾಟಿನ, 80 ಪ್ಲಸ್ ಪ್ರಮಾಣವಿರುವ, ಹೆಸರುಳ್ಳ ಕಂಪನಿಯ ಒಂದು ಸಾಕು, 850 ಬೇಡ. ವಿದ್ಯುತ್ತಿನ ಬಿಲ್ಲಿಗೆ ಹೆದರುವವರಿಗೂ ಒಂದು ಮಾತು: 250 ವಾಟಿನಂತೆ ದಿನಕ್ಕೆರಡು ಗಂಟೆ ಆಡಿದರೆ ಅರ್ಧ ಯೂನಿಟ್ಟು, ತಿಂಗಳಿಗೆ 15 ಯೂನಿಟ್ಟು.

ನೂರೂ ರೂಪಾಯಿ ಈಗಲೇ ಇಲ್ಲದವರು ಏನು ಮಾಡಬೇಕು? ಸಾಲವೆ? ಬೇಡ. ನಮ್ಮ ಊರುಗಳಲ್ಲಿ ಹಿರಿಯರು ಮೊದಲು ಅಡಿಗೆಮನೆ, ನಡುಮನೆ ಎಬ್ಬಿಸಿ ಒಳಹೊಕ್ಕು, ಫಸಲು ಕೈಗೆ ಬಂದ ವರ್ಷ ಜಗಲಿ ಕಟ್ಟುತ್ತಿದ್ದರು. ಜೋಡಿಸಿದ ಗಣಕದ ದೊಡ್ಡ ಗುಣ ಇದೇ: ಲ್ಯಾಪ್‌ಟಾಪಿನಲ್ಲಿ ಬಹುಮಟ್ಟಿಗೆ ಸಾಧ್ಯವಿಲ್ಲದ ಹಂತಹಂತದ ಬೆಳವಣಿಗೆ ಇದರಲ್ಲಿ ಸಾಧ್ಯ. 2021ರಲ್ಲಿ ಬಂದ ರೈಜೆನ್ 5 5600ಜಿಯಂಥ ಪ್ರೊಸೆಸರಿನ ಹೊಟ್ಟೆಯಲ್ಲಿಯೇ ಸಣ್ಣ ಗ್ರಾಫಿಕ್ಸ್ ಉಂಟು. ಕಾರ್ಡಿಲ್ಲದೆ ಆರಂಭಿಸಿ ಹಗುರವಾದ ಆಟಗಳನ್ನು ಆಡುತ್ತಿರಬಹುದು. ಮುಂದಿನ ಬೋನಸ್ಸಿಗೆ ಕಾರ್ಡು ಸೇರಿಸಬಹುದು. ಇಂಥದರಲ್ಲಿ 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿ ಹಾಕಬೇಕು. ಗ್ರಾಫಿಕ್ಸಿಗೂ ರ್ಯಾಮೇ ಆಧಾರವಾದ್ದರಿಂದ ಎರಡು ದಾರಿಗಳಲ್ಲಿ ಮಾಹಿತಿ ಹರಿದರೆ ವೇಗ ಎದ್ದು ಕಾಣುತ್ತದೆ. ಆದರೆ ಒಂದು ತೊಡಕುಂಟು. ಇದು ಎಎಂ4 ಎಂಬ ಹಳೆಯ ಪೀಠ. ಇದರ ಡಿಡಿಆರ್4 ರ್ಯಾಮ್ 2022ರಲ್ಲಿ ಬಂದ ಎಎಂ5 ಪೀಠಕ್ಕೆ ಹೊಂದದು. ಹೊಸ ಪೀಠಕ್ಕೆ ಹೆಚ್ಚು ಕೊಟ್ಟರೆ ಮುಂದೆ ಪ್ರೊಸೆಸರನ್ನಷ್ಟೇ ಬದಲಾಯಿಸುವ ಅನುಕೂಲ. ಎರಡು ಮೂರು ವರ್ಷದಲ್ಲಿ ಬೆಳೆಸುವ ಮನಸ್ಸಿದ್ದವರಿಗೆ ಅದು, ಇದ್ದುದರಲ್ಲಿಯೇ ಐದು ವರ್ಷ ತೆಗೆಯುವವರಿಗೆ ಇದು.

ಬಳಸಿದ ಸಾಮಾನಿನ ವಿಷಯ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಪದ್ಧತಿ ಬದಲಾಗಿ ಕಾರ್ಡುಗಳಿಂದ ಅದನ್ನು ತೆಗೆಯುವುದು ನಿಂತಿತು. ಹಗಲಿರುಳು ದುಡಿದ ಕಾರ್ಡುಗಳು ಪೇಟೆಗೆ ಬಂದುವು. ಅಂಥದನ್ನು ಕಣ್ಣೆದುರಿಗೆ ಅರ್ಧ ಗಂಟೆ ಆಟ ನಡೆಸಿ ನೋಡದೆ ಕೊಳ್ಳಬಾರದು. ಕಚೇರಿಗಳು ತೆಗೆದುಹಾಕಿದ ಹಳೆಯ ಕಂಪ್ಯೂಟರು ಕೊಂಡು ಅದಕ್ಕೆ ಕಾರ್ಡು ಹಾಕುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ಲಿನ ಎಂಟನೆಯ ತಲೆಮಾರಿನಿಂದ ಈಚಿನವನ್ನಷ್ಟೇ ಒಪ್ಪುತ್ತದೆ. ಅದಕ್ಕೂ ಹಿಂದಿನದು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಬಾರದು.

ಕೊಳ್ಳುವುದೆಲ್ಲಿ? ಬೆಂಗಳೂರಿನವರಿಗೆ ಎಸ್. ಪಿ. ರೋಡು, ಎಂದರೆ ಸಾದರ ಪತ್ರಪ್ಪ ರಸ್ತೆ, ಹೇಗೋ ಹಾಗೆ ನಮಗೆ ಲ್ಯಾಮಿಂಗ್ಟನ್ ರೋಡು. ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂಬ ಹೆಸರಾದರೂ ಜನರ ಬಾಯಲ್ಲಿ ಹಳೆಯ ಗವರ್ನರನೇ ಉಳಿದಿದ್ದಾನೆ. ಖಾರಘರದಿಂದ ಹಾರ್ಬರ್ ಗಾಡಿಯಲ್ಲಿ ಕುರ್ಲಾ, ಅಲ್ಲಿಂದ ದಾದರ, ದಾದರದಿಂದ ಪಶ್ಚಿಮ ರೈಲ್ವೆಯ ನಿಧಾನಗಾಡಿಯಲ್ಲಿ ಗ್ರಾಂಟ್ ರೋಡ್. ಪೂರ್ವಕ್ಕೆ ಇಳಿದು ನಡೆದರೆ ಬಂತು. ಹೋಗುವ ಮೊದಲು ಮನೆಯಲ್ಲಿ ಪಟ್ಟಿ ಬರೆದುಕೊಂಡು, ಆನ್‌ಲೈನಿನ ಬೆಲೆಯನ್ನು ಅದರ ಪಕ್ಕದಲ್ಲಿ ಗುರುತಿಸಿಕೊಳ್ಳಿರಿ. ಮೂರು ಅಂಗಡಿಗಳಲ್ಲಿ ಕೇಳಿರಿ. ಬರೆದ ಪಟ್ಟಿಯನ್ನು ಮಾತ್ರ ಬದಲಾಯಿಸಬೇಡಿರಿ. "ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆಯಾಗುತ್ತದೆ" ಎಂಬ ಮಾತು ಯಾವ ಪೇಟೆಯಲ್ಲಿಯೂ ಕೇಳಿಬರಬಹುದು. ಜಿಎಸ್‌ಟಿ ನೂರಕ್ಕೆ 18. ತೆರಿಗೆ ಸೇರಿ 60,000 ಕೊಟ್ಟರೆ ಅದರಲ್ಲಿ ತೆರಿಗೆ 9,153 ರೂಪಾಯಿ. ಆಸೆ ಹುಟ್ಟಿಸುವ ಮೊತ್ತವೇ ಸರಿ. ಆದರೆ ಮೂರು ವರ್ಷದ ವಾರಂಟಿಗೆ ಆಧಾರ ಆ ಬಿಲ್ಲೇ. ಅದನ್ನು ಬಿಟ್ಟುಕೊಟ್ಟವನು ರಸೀದಿಯಿಲ್ಲದೆ ಠೇವಣಿ ಇಟ್ಟವನಿಗೆ ಸಮಾನ. ಪ್ರತಿಯೊಂದು ಭಾಗದ ಕ್ರಮಸಂಖ್ಯೆಯನ್ನೂ ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿರಿ.

ಸಾಮಾನು ಮನೆಗೆ ಬಂದ ಮೇಲೆ ಜೋಡಿಸುವ ಕೆಲಸ ಮಗನೋ ಮಗಳೋ ಮಾಡಲಿ. ಬೇಕಾದದ್ದು ಒಂದು ನಕ್ಷತ್ರಮುಖದ ಸ್ಕ್ರೂಡ್ರೈವರು, ಬರಿಯ ಮೇಜು, ಒಂದು ಸಂಜೆ. ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಪ್ರೊಸೆಸರಿನ ಮೂಲೆಯ ಚಿಕ್ಕ ತ್ರಿಕೋನ ಬೋರ್ಡಿನ ತ್ರಿಕೋನಕ್ಕೆ ಹೊಂದಿದರೆ ತಾನಾಗಿಯೇ ಕೂರುತ್ತದೆ, ಒತ್ತಕೂಡದು. ಜೋಡಿಸಿದ ಮೇಲೆ ಕಾಸಿಲ್ಲದ ಮೂರು ಕೆಲಸಗಳನ್ನು ಮರೆಯಬಾರದು. ಮಾನಿಟರಿನ ತಂತಿಯನ್ನು ಬೋರ್ಡಿಗಲ್ಲ, ಕಾರ್ಡಿಗೆ ಸಿಕ್ಕಿಸಬೇಕು. ರ್ಯಾಮಿನ ಪೂರ್ಣ ವೇಗವನ್ನು ಬಯಾಸಿನಲ್ಲಿ ತೆರೆಯಬೇಕು. 144 ಹರ್ಟ್ಸಿನ ಮಾನಿಟರು ಕೊಂಡಿದ್ದರೆ ವಿಂಡೋಸಿನಲ್ಲಿಯೂ 144 ಎಂದು ಆರಿಸಬೇಕು. ಹಣ ಕೊಟ್ಟು ಕೊಂಡ ಶಕ್ತಿ ಈ ಮೂರರಿಂದಲೇ ನಿದ್ದೆ ಮಾಡುತ್ತಿರುವ ಮನೆಗಳು ಎಷ್ಟೋ. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇದೆಯೆ ಎಂದು ಎಲೆಕ್ಟ್ರಿಷಿಯನ್ನನಿಂದ ನೋಡಿಸಿರಿ. ನಮ್ಮ ಮಳೆಗಾಲದಲ್ಲಿ ಯಂತ್ರವನ್ನು ಕಿಟಕಿಯ ಬಳಿ ಇಡಬೇಡಿರಿ. ಎರಡು ಮೂರು ತಿಂಗಳಿಗೊಮ್ಮೆ ಫ್ಯಾನಿನ ಧೂಳು ತೆಗೆಯಿರಿ.

ರಾಜ್ಯೋತ್ಸವದ ಸಂಚಿಕೆಗೆ ಇಷ್ಟೆಲ್ಲ ಏಕೆಂದರೆ, ನಮ್ಮ ಹಿರಿಯರು ಈ ಮಹಾನಗರಕ್ಕೆ ಬಂದು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಕೂಡಿಟ್ಟ ಕಾಸಿಗೆ ಬೆಲೆ ಕಟ್ಟಲು ಕಲಿತರು. ಆ ವಿದ್ಯೆಯನ್ನು ಮಕ್ಕಳಿಗೆ ಉಪದೇಶದಿಂದ ಕಲಿಸಲಾಗುವುದಿಲ್ಲ; ಅವರಿಗೆ ಬೇಕಾದ ವಸ್ತುವಿನ ಲೆಕ್ಕವನ್ನು ಅವರ ಕೈಗೇ ಕೊಟ್ಟರೆ ಕಲಿತಾರು. ತಂದೆಯವರಲ್ಲಿ ನನ್ನ ಅರಿಕೆ: "ಇಲ್ಲ" ಎನ್ನುವ ಮೊದಲು ಮೊತ್ತವೊಂದನ್ನು ಹೇಳಿ, ಪಟ್ಟಿ ಬರೆದು ತಾ ಎನ್ನಿರಿ. ಮಕ್ಕಳಲ್ಲಿ ಅರಿಕೆ: ಪ್ರತಿ ಸಾಲಿಗೂ ಇದು ಏಕೆಂದು ಉತ್ತರ ಹೇಳುವ ತನಕ ಕೇಳಬೇಡಿರಿ.

ಕೊನೆಗೆ ಒಂದು ಮಾತು. ಟಿಫ್ರಾಕ್ ಹುಟ್ಟಿದ ಆ ಸಂಸ್ಥೆಯಲ್ಲಿಯೇ ಹಿಂದೆ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜೋಡಣೆಯ ಆಧಾರದಿಂದಲೇ ಇಂದು ಸಾವಿರಾರು ಜನ "ನುಡಿ"ಯಲ್ಲಿ ಕನ್ನಡ ಬರೆಯುತ್ತಿದ್ದಾರೆ. ಹೊಸ ಯಂತ್ರ ಎದ್ದು ನಿಂತ ಸಂಜೆ ಮಕ್ಕಳು ಆಟ ತೆರೆಯಲಿ, ಬೇಡವೆನ್ನುವುದಿಲ್ಲ. ಜೋಡಿಸಿದ ಭಾಗಗಳ ಪಟ್ಟಿಯನ್ನೂ ಖರ್ಚಿನ ಲೆಕ್ಕವನ್ನೂ ಅದರಲ್ಲಿಯೇ ಕನ್ನಡದಲ್ಲಿ ಬರೆದಿಡಲಿ. ಮುಂದಿನ ವರ್ಷ ಇನ್ನೊಂದು ಮನೆಗೆ ಅದು ಉಪಯೋಗಕ್ಕೆ ಬಂದೀತು.

 ಜಯ ಕರ್ನಾಟಕ.