ಪುಟ್ಟಕ್ಕ ಬರೋ ಹೊತ್ತಿಗಿ ನಮ್ಮ ಮನ್ಯಾಗ ರೊಟ್ಟಿ ಬಡಿಯೋದು ನಿಲ್ತದ

ಕಾಳಗಿಯಿಂದ ಮಾತಾಡ್ಲತ್ತೀನಿ. ಹಿಂದ ಫ್ಯಾನಿನ ಸಪ್ಪಳ ಬಂದ್ರ ಸಹಿಸ್ಕೋರಿ. ಫ್ಯಾನ್ ಬಂದ್ ಮಾಡಿದ್ರ ಈ ಬಿಸಿಲಾಗ ನಾನೇ ಬಂದ್ ಆಗ್ತೀನಿ.

ಇವತ್ತು ಉಮಾಶ್ರೀ ಅವರ ಬಗ್ಗೆ. ನಿಮ್ಮಲ್ಲಿ ಭಾಳ ಮಂದಿಗೆ ಅವರು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ. ಇನ್ನೂ ಕೆಲವರಿಗೆ ಮಾಜಿ ಮಂತ್ರಿ. ನನ್ನ ವಯಸ್ಸಿನ ಹುಡುಗರಿಗೆ, ಖರೇ ಹೇಳ್ಬೇಕಂದ್ರ, ಹಳೇ ಕಾಮಿಡಿ ಕ್ಲಿಪ್‌ನ ಹೆಂಗಸು. ಮೊದಲು ಆ ಕ್ಲಿಪ್ ವಿಷಯಕ್ಕೇ ಬರ್ತೀನಿ, ಯಾಕಂದ್ರ ಅದರಾಗ ನನ್ನ ತಪ್ಪೂ ಅದ.

ಬಿ.ಕಾಂ. ಎರಡನೇ ವರ್ಷದಾಗ ಇದ್ದಾಗ ನಾನು ಮೊಬೈಲ್‌ನಲ್ಲಿ ವಿಡಿಯೋ ಕಟ್ ಮಾಡೋದು ಕಲ್ತಿದ್ದೆ. ಹಳೇ ಸಿನಿಮಾಗಳ ಡಬಲ್ ಮೀನಿಂಗ್ ಸೀನುಗಳನ್ನ ಹುಡುಕಿ, ಉಮಾಶ್ರೀ ಇರೋವಷ್ಟೇ ತುಂಡು ಮಾಡಿ, ನಡುವೆ ನಗುವಿನ ಸೌಂಡ್ ಹಾಕಿ ಗ್ರೂಪಿಗೆ ಬಿಟ್ಟೆ. ಹಾಸ್ಟೆಲ್ ಪೂರ್ತಿ ಓಡ್ತು. ರಜೆಗೆ ಊರಿಗೆ ಬಂದಾಗ ಯಾರೋ ಅದನ್ನ ನಮ್ಮ ಅವ್ವನಿಗೂ ತೋರಿಸಿದ್ರು. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸದೇ ಪೂರ್ತಿ ನೋಡಿದ್ಳು. ಆಮೇಲೆ ಅಂದ್ಳು: “ತಮ್ಮಾ, ಆಕಿ ಮಕ್ಕಳಿಗಿ ಉಣ್ಣಾಕ ಹಾಕ್ಲಾಕ ಮಾಡ್ಯಾಳ. ನೀ ಯಾಕ ಮಾಡಿದಿ?”

ನನ್ನ ಹತ್ರ ಉತ್ತರ ಇರ್ಲಿಲ್ಲ. ವಿಡಿಯೋ ಡಿಲೀಟ್ ಮಾಡಿದೆ, ಆದ್ರ ಅಷ್ಟೊತ್ತಿಗೆ ಅದು ಎಲ್ಲೆಲ್ಲಿ ಹೋಗಿತ್ತೋ.

ಅವ್ವ ಹಂಗ ಯಾಕ ಅಂದ್ಳು ಅಂತ ತಿಳೀಬೇಕಾದ್ರ ನಮ್ಮ ಮನಿ ಕಥೆ ಎರಡು ಮಾತಿನಾಗ ಹೇಳ್ಬೇಕು. ಅವ್ವನ ಅನುಮತಿ ತಗೊಂಡೇ ಹೇಳ್ಲತ್ತೀನಿ. ನಾನು ನಾಲ್ಕನೇ ಕ್ಲಾಸಿನಾಗ ಇದ್ದಾಗ ಅಪ್ಪ ಕೆಲಸಕ್ಕಂತ ಹೊರಗ ಹೋದವರು ಅಲ್ಲೇ ಬ್ಯಾರೆ ಸಂಸಾರ ಹೂಡಿದ್ರು. ಅವ್ವ ಜೋಳದ ರೊಟ್ಟಿ ಬಡಿದು ಮಾರಿ ನಮ್ಮಿಬ್ಬರನ್ನ ಓದಿಸಿದ್ಳು. ದಿನಾ ಎಷ್ಟು ರೊಟ್ಟಿ, ಎಷ್ಟು ಉದ್ರಿ ಅಂತ ಬರೆಯೋ ನೋಟ್‌ಬುಕ್ಕೇ ನಾನು ಕಲಿತ ಮೊದಲ ಅಕೌಂಟೆನ್ಸಿ.

ಈಗ ಉಮಾಶ್ರೀ ಅವರ ಕಡೆ ಬರೋಣ.

ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಮದುವೆ ಮುರಿದ ಮೇಲೆ ಇಬ್ಬರು ಮಕ್ಕಳನ್ನ ಒಬ್ಬರೇ ಬೆಳೆಸಿದ್ರು. ಕೈ ಹಿಡಿದದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿ. ಅಲ್ಲಿ ಹೆಸರು ತಂದುಕೊಟ್ಟ ಪಾತ್ರ ಅಂದ್ರ ‘ಒಡಲಾಳ’ದ ಸಾಕವ್ವ. ದೇವನೂರ ಮಹಾದೇವ ಅವರ ಕೃತಿ, ರಂಗಕ್ಕೆ ತಂದವರು ಸಿಜಿಕೆ, ಅಂದ್ರ ಸಿ.ಜಿ. ಕೃಷ್ಣಸ್ವಾಮಿ. ಕಳೆದುಹೋದ ಒಂದು ಹುಂಜ ಹುಡುಕ್ಕೊಂಡು ಊರೆಲ್ಲಾ ಬೈಕೋತ ತಿರುಗೋ ಮುದುಕಿ ಸಾಕವ್ವ. ರಾತ್ರಿ ಹೊತ್ತು ಕದ್ದು ತಂದ ಕಡ್ಲೇಕಾಯಿ ಸುತ್ತ ಕೂತು ಇಡೀ ಕುಟುಂಬ ತಿನ್ನೋ ಭಾಗ ಓದಿದವರಿಗೆ ಮರೆಯೋದಿಲ್ಲ. ಹಸಿವು ಅಂದ್ರ ಏನು ಅಂತ ಅದು ಯಾವ ಭಾಷಣವೂ ಇಲ್ಲದೇ ಹೇಳ್ತದ. ಆ ಮುದುಕಿಯಾಗಿ ನಿಂತಾಗ ಉಮಾಶ್ರೀ ಮೂವತ್ತರ ಆಸುಪಾಸಿನ ಹೆಣ್ಣುಮಗಳು.

ಅದೇ ಕಾಲಕ್ಕೆ, 1984ರಲ್ಲಿ, ಕಾಶೀನಾಥ್ ಅವರ ‘ಅನುಭವ’ ಬಂತು. ಆಗಿನ ಮಂದಿ ಬೋಲ್ಡ್ ಅಂದ ಸಿನಿಮಾ. ಉಮಾಶ್ರೀ ಅದರಿಂದ ಮನೆಮಾತಾದ್ರು, ಅದರಿಂದಲೇ ಒಂದು ಡಬ್ಬಿಯೊಳಗೂ ಬಿದ್ದರು. ಮುಂದ ನೂರಾರು ಸಿನಿಮಾಗಳಲ್ಲಿ ಬಾಯಿಬಡುಕಿ, ಕಾಮಿಡಿಯವರ ಜೋಡಿ, ಎರಡರ್ಥದ ಮಾತು. ಪೋಷಕ ಪಾತ್ರ ಮಾಡೋರಿಗೆ ಹೆಚ್ಚಾಗಿ ದಿನದ ಲೆಕ್ಕದಲ್ಲಿ ದುಡ್ಡು ಬರ್ತದ. ಕೆಲಸ ಇದ್ದ ದಿನ ಅದ, ಇಲ್ಲದ ದಿನ ಇಲ್ಲ. ಹಿಂತಾ ಆದಾಯದಾಗ ಮಕ್ಕಳ ಫೀಸು, ಬಾಡಿಗಿ ಎಲ್ಲಾ ಹೊಂದಿಸೋದು ಅಂದ್ರ “ಈ ಪಾತ್ರ ನನಗ ಬ್ಯಾಡ” ಅನ್ನೋದು ಭಾಳ ದುಬಾರಿ ಮಾತು. ಇದು ನನ್ನ ಅಂದಾಜು, ಅವರು ಹೇಳಿದ್ದಲ್ಲ. ಆದ್ರ ಅವ್ವನ ನೋಟ್‌ಬುಕ್ ನೋಡಿ ಬೆಳೆದವನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾತು ಮಾತ್ರ ನನಗ ಸಿಟ್ಟು ತರಿಸ್ತದ. ಆ ಸೀನುಗಳಲ್ಲಿ ಜೊತೆಗಿದ್ದ ಗಂಡಸರು ‘ಹಾಸ್ಯ ನಟರು’ ಅನ್ನಿಸಿಕೊಂಡ್ರು. ಆಕಿಗೆ ಮಾತ್ರ ಬ್ಯಾರೆ ಹೆಸರು. ನಾನು ಮಾಡಿದ ಕ್ಲಿಪ್‌ನಾಗೂ ಅದೇ ಆಗಿತ್ತು.

ಆಮೇಲೆ ‘ಗುಲಾಬಿ ಟಾಕೀಸ್’. ವೈದೇಹಿ ಅವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ. ಕುಂದಾಪುರದ ಕಡೆಯ ಮೀನುಗಾರರ ಊರು. ಗುಲಾಬಿ ಅಲ್ಲಿನ ಸೂಲಗಿತ್ತಿ, ಮುಸ್ಲಿಂ ಹೆಣ್ಣುಮಗಳು, ಸಿನಿಮಾ ಹುಚ್ಚು ಬ್ಯಾರೆ. ಗಂಡ ಎರಡನೇ ಹೆಂಡತಿ ಜೊತೆ ಇರ್ತಾನ. ಒಂದು ಹೆರಿಗೆ ಮಾಡಿಸಿದ್ದಕ್ಕ ಆಕಿಗೆ ಕಲರ್ ಟಿವಿ, ಡಿಶ್ ಇನಾಮು ಸಿಗ್ತದ. ದೂರ ಇದ್ದ ಊರಿನ ಹೆಣ್ಣುಮಕ್ಕಳು ಟಿವಿ ಸಲುವಾಗಿ ಆಕಿ ಮನಿಗೆ ಬರ್ತಾರ. ಕೆಲವರು ಒಳಗ ಬರ್ತಾರ, ಕೆಲವರು ಹೊರಗ ನಿಂತೇ ನೋಡ್ತಾರ. ಅಷ್ಟರಾಗ 1999ರ ಕಾರ್ಗಿಲ್ ಯುದ್ಧ. ಊರಿನ ಮನಸ್ಸು ಒಡೀತದ. ಉಮಾಶ್ರೀ ಇದರಾಗ ದೊಡ್ಡ ದನಿ ಮಾಡೋದೇ ಇಲ್ಲ. ಟಿವಿ ಮುಂದ ಕೂತಾಗ ಬೆಳಗೋ ಆ ಮುಖ ನೋಡ್ರಿ, ಸಾಕು.

ಈ ಪಾತ್ರಕ್ಕ 2007ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂತು, ಅತ್ಯುತ್ತಮ ನಟಿ ಅಂತ. ಅದೇ ಸಾಲಿನಲ್ಲಿ ಅತ್ಯುತ್ತಮ ನಟ ಪ್ರಕಾಶ್ ರೈ, ತಮಿಳಿನ ‘ಕಾಂಚೀವರಂ’ಗೆ. ಕನ್ನಡ ಸಿನಿಮಾಕ್ಕ ಈ ಪ್ರಶಸ್ತಿ ಮೊದಲು ತಂದವರು ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ, ಆಮೇಲೆ ‘ಹಸೀನಾ’ದ ತಾರಾ. ‘ಹಸೀನಾ’ ಕೂಡ ಕಾಸರವಳ್ಳಿ ಅವರದೇ, ಬಾನು ಮುಷ್ತಾಕ್ ಅವರ ಕಥೆ, ಅದೂ ಗಂಡ ಬಿಟ್ಟುಹೋದ ಹೆಣ್ಣುಮಗಳದು. ನಮ್ಮ ನಾಡಿನಾಗ ಈ ಕಥೆಗೆ ಬರಗಾಲ ಇಲ್ಲ ನೋಡ್ರಿ.

ರಾಜಕೀಯ ಬೇಗ ಹೇಳಿ ಮುಗಿಸ್ತೀನಿ. ಬಾಗಲಕೋಟೆ ಜಿಲ್ಲೆಯ ತೇರದಾಳ, ನೇಕಾರರು ಹೆಚ್ಚಿರೋ ಕ್ಷೇತ್ರ. 2008ರಲ್ಲಿ ಸೋತ್ರು, 2013ರಲ್ಲಿ ಗೆದ್ದು ಸಿದ್ದರಾಮಯ್ಯ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆ ಸಚಿವೆ ಆದ್ರು. 2018ರಲ್ಲಿ ಮತ್ತೆ ಸೋಲು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ. ಮಂತ್ರಿಯಾಗಿ ಅವರ ಕೆಲಸ ಹೆಂಗಿತ್ತು ಅನ್ನೋದು ಬ್ಯಾರೆ ಎಪಿಸೋಡಿನ ಮಾತು.

ನನಗ ಕುತೂಹಲ ಅನಿಸೋದು ಆ ಸೋಲಿನ ನಂತರದ್ದು. ವಯಸ್ಸು ಅರವತ್ತು ದಾಟಿತ್ತು, ಮಂತ್ರಿಯಾಗಿ ಬಂದವರು, ರಾಷ್ಟ್ರಪ್ರಶಸ್ತಿ ಮನ್ಯಾಗ ಅದ. ಅಂಥವರು 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದ ದಿನದ ಧಾರಾವಾಹಿಗೆ ಬಂದು ಕೂತ್ರು. ದಿನದ ಧಾರಾವಾಹಿ ಅಂದ್ರ ಹಗುರ ಕೆಲಸ ಅಲ್ಲ. ವಾರಪೂರ್ತಿ ಎಪಿಸೋಡ್ ಕೊಡ್ಬೇಕು, ಕೈಗೆ ಬಂದ ಸಂಭಾಷಣೆ ಅಲ್ಲೇ ಬಾಯಿಪಾಠ ಆಗ್ಬೇಕು. ತೆಲುಗಿನ ‘ರಾಧಮ್ಮ ಕೂತುರು’ ಇದರ ಮೂಲ. ಸೇಡಂ ಕಡೆ ತೆಲುಗು ಚಾನೆಲ್ ನೋಡೋ ಮನಿಗಳಲ್ಲಿ “ಈ ಕಥಿ ನಮಗ ಗೊತ್ತದ” ಅಂದವರೂ ಇದ್ರು. ಆದ್ರೂ ನೋಡಿದ್ರು. ಟಿಆರ್‌ಪಿ ಪಟ್ಟಿಯಲ್ಲಿ ಭಾಳ ವಾರ ಅದೇ ಮೊದಲು.

ಮೂರು ಹೆಣ್ಣು ಹಡೆದ್ಳು ಅಂತ ಗಂಡ ಬಿಟ್ಟ ಹೆಂಗಸು, ಮೆಸ್ ನಡೆಸಿ ಮಕ್ಕಳನ್ನ ಓದಿಸ್ತಾಳ. ಇಷ್ಟೇ ಕಥೆ. ಗುಲಾಬಿಯ ಗಂಡನೂ ಬ್ಯಾರೆ ಹೆಂಡತಿ ಹತ್ರ ಇದ್ದ, ಪುಟ್ಟಕ್ಕನ ಗಂಡನೂ ಹಂಗೇ. ಗುಲಾಬಿಯನ್ನ ನೋಡಿದವರು ಕೆಲವೇ ಮಂದಿ, ಆಕಿ ಕೊನೆಗೆ ಊರೇ ಬಿಡ್ಬೇಕಾತು. ಪುಟ್ಟಕ್ಕ ಅದೇ ಊರಾಗ ಒಲಿ ಹಚ್ಚಿ ನಿಂತ್ಳು, ಲಕ್ಷಾಂತರ ಮನಿಗಳು ನೋಡಿದ್ವು. ಸಿನಿಮಾ ಆಗಿ ಗುಲಾಬಿ ದೊಡ್ಡದು, ನನಗ ಅನುಮಾನ ಇಲ್ಲ. ಧಾರಾವಾಹಿಯಲ್ಲಿ ಎಳೆದಾಟ, ಕಿಡ್ನ್ಯಾಪ್, ಢಂ ಢಂ ಮ್ಯೂಸಿಕ್ ಎಲ್ಲಾ ಅದ. ಆದ್ರ ನಮ್ಮ ಅವ್ವನ ತನಕ ಬಂದದ್ದು ಪುಟ್ಟಕ್ಕ.

ಶುರುವಿನ ಒಂದು ವಾರ ಅವ್ವ ಅದನ್ನ ನೋಡ್ಲಿಲ್ಲ. ಗಂಡ ಬಿಟ್ಟ ಸೀನ್ ಬಂದ ಕೂಡ್ಲೇ ಚಾನೆಲ್ ಬದಲಿ ಮಾಡಿಬಿಟ್ಳು. ಆಮೇಲೆ ಒಂದು ಸಂಜೆ ನಾನು ಬಂದಾಗ ರೊಟ್ಟಿ ಬಡಿಯೋ ಸಪ್ಪಳ ಇಲ್ಲ. ಹಿಟ್ಟು ಹತ್ತಿದ ಕೈಯಲ್ಲೇ ಟಿವಿ ಮುಂದ ಕೂತಿದ್ಳು. ಪಕ್ಕದ ಮನಿ ಚಿಗವ್ವ “ಎಷ್ಟ್ ಅಳ್ತಾಳ ನೋಡ್” ಅಂದ್ರ, ಅವ್ವ ಅಂದ್ಳು: “ಆಕಿ ಅಳ್ಲತ್ತಿಲ್ಲ. ಒಲಿ ಹೊಗಿ ಅದ.”

ನಮಗ ಸಣ್ಣವರಿದ್ದಾಗ ಆಕಿ ಹೇಳ್ತಿದ್ದ ಮಾತು ಅದು. ಅಪ್ಪ ಹೋದ ವರ್ಷ ನಮ್ಮ ಮನ್ಯಾಗ ಭಾಳ ಹೊಗಿ ಇತ್ತು.

ಮೊನ್ನೆ ಈ ಸ್ಕ್ರಿಪ್ಟ್ ಅವ್ವನಿಗೆ ಓದಿ ತೋರಿಸಿದೆ. ‘ಒಡಲಾಳ’ದ ಹುಂಜದ ಕಥೆ ಎರಡು ಸಲ ಕೇಳಿದ್ಳು. “ಕೊನಿಗಿ ಹುಂಜ ಸಿಕ್ತೇನು?” ಅಂದ್ಳು. ಪುಸ್ತಕ ತಂದುಕೊಡ್ತೀನಿ, ನೀನೇ ಓದು ಅಂದೀನಿ. ಕಲಬುರಗಿಗೆ ಹೋದಾಗ ತರ್ಬೇಕು.