ನಮ್ಮ ಮನೆಯ ಕೊಳೆ ಯಾರ ಬಾವಿಗೆ?

(ತುಮಕೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



 

ಇಂದು ತಹಾರತ್ ಬಗ್ಗೆ ಮಾತಾಡೋಣ. ವುಝೂವಿನ ಫರ್ಝ್‌ಗಳು ನಾಲ್ಕು, ಗುಸ್ಲ್‌ನ ಫರ್ಝ್‌ಗಳು ಮೂರು ಎಂದು ಮಕ್ತಬ್‌ಗೆ ಹೋಗುವ ಮಕ್ಕಳೂ ಹೇಳುತ್ತಾರೆ. ಅದನ್ನು ಮತ್ತೆ ಹೇಳಲು ನಾವು ನಿಂತಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ತೊಳೆದ ಮೇಲೆ ಆ ಕೊಳೆ ಎಲ್ಲಿಗೆ ಹೋಗುತ್ತದೆ? ಪಾಯಖಾನೆಗೆ ಬಕೆಟ್ ನೀರು ಹಾಕಿದೆವು, ನಮ್ಮ ಕಣ್ಣಿಗೆ ಕಾಣದಾಯಿತು, ನಾವು ಪಾಕ್ ಆದೆವು. ಕಣ್ಣಿಗೆ ಕಾಣದಾದ ನಜಾಸತ್ ಇಲ್ಲವಾಯಿತೇ?

ನಮ್ಮ ಫಿಕ್ಹ್ ಗ್ರಂಥಗಳು ಶುರುವಾಗುವುದೇ ತಹಾರತ್‌ನ ಅಧ್ಯಾಯದಿಂದ. ಮದ್ರಸದಲ್ಲಿ ಓದಿದವರಿಗೆ ನೆನಪಿರಬಹುದು, ಬಾವಿಯ ಮಸ್‌ಅಲಾಗಳು ಮುಗಿಯುವುದೇ ಇಲ್ಲ. ಬಾವಿಯಲ್ಲಿ ಇಲಿ ಬಿದ್ದು ಸತ್ತರೆ ಅದನ್ನು ತೆಗೆದು 20ರಿಂದ 30 ಬಿಂದಿಗೆ ನೀರು ಸೇದಿ ಚೆಲ್ಲಬೇಕು, ಪಾರಿವಾಳವೋ ಬೆಕ್ಕೋ ಆದರೆ 40ರಿಂದ 60 ಎಂದು ಹನಫಿ ಫುಕಹಾಗಳು ಲೆಕ್ಕ ಹಾಕಿದ್ದಾರೆ. ಓದುವಾಗ ಹುಡುಗರು ನಗುವುದುಂಟು. ನಗುವ ವಿಷಯವಲ್ಲ ಅದು. ಇಡೀ ಮೊಹಲ್ಲಾ ಕುಡಿಯುವ ನೀರಿನ ಬಗ್ಗೆ ಆ ಹಿರಿಯರಿಗೆ ಅಷ್ಟು ಕಾಳಜಿ ಇತ್ತು. ಇಲಿಯೊಂದಕ್ಕೆ ಬಿಂದಿಗೆ ಎಣಿಸಿದವರು, ಬೋರ್‌ವೆಲ್‌ನ ಮಗ್ಗುಲಲ್ಲೇ ಕಕ್ಕಸು ಗುಂಡಿ ತೋಡುವ ನಮ್ಮನ್ನು ನೋಡಿದ್ದರೆ ಏನು ಹೇಳುತ್ತಿದ್ದರು?

ಪ್ರವಾದಿಯವರು (ಸ) ಎರಡು ಗೋರಿಗಳ ಪಕ್ಕ ಹಾದುಹೋಗುವಾಗ ಅವರಲ್ಲೊಬ್ಬನಿಗೆ ಮೂತ್ರದಿಂದ ತನ್ನನ್ನು ಕಾಪಾಡಿಕೊಳ್ಳದಿದ್ದುದಕ್ಕೆ ಶಿಕ್ಷೆಯಾಗುತ್ತಿದೆ ಎಂದು ತಿಳಿಸಿದ ಹದೀಸ್ ನಮಗೆಲ್ಲ ಗೊತ್ತು. ತನ್ನ ಬಟ್ಟೆಗೆ ಸಿಡಿದ ಹನಿಗಳ ಮಾತು ಇದು. ಹರಿಯದೆ ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಅವರು ತಡೆದರು. ಜನ ನಡೆಯುವ ದಾರಿಯಲ್ಲಿ, ಜನ ಕೂರುವ ನೆರಳಿನಲ್ಲಿ, ನೀರಿಗಿಳಿಯುವ ಜಾಗದಲ್ಲಿ ಮಲವಿಸರ್ಜನೆ ಮಾಡುವುದು ಶಾಪ ತರುವ ಕೆಲಸ ಎಂದರು. ಈ ಮೂರೂ ಜಾಗಗಳನ್ನು ಗಮನಿಸಿ. ಮೂರೂ ಬೇರೆಯವರಿಗೂ ಸೇರಿದವು. ತಹಾರತ್ ನಮ್ಮ ಮೈಯಲ್ಲೇ ಮುಗಿಯುವುದಾದರೆ ದಾರಿಯ ಮಾತು, ನೆರಳಿನ ಮಾತು ಏಕೆ ಬರಬೇಕಿತ್ತು?

ಈಗ ನಮ್ಮ ಊರಿಗೆ ಬರೋಣ. ನಗರಗಳಲ್ಲಿ ಒಳಚರಂಡಿ ಲೆಕ್ಕ ಹಾಕುವಾಗ ಎಂಜಿನಿಯರ್‌ಗಳು ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ. ಐದು ಜನರ ಮನೆಯಿಂದ ದಿನಕ್ಕೆ 540 ಲೀಟರ್. ತುಮಕೂರಿನಲ್ಲಿ ಯುಜಿಡಿ ಪೈಪು ಸೇರಿದ ಕೊಳಚೆ ಭೀಮಸಂದ್ರದ ಬಳಿಯ ಶುದ್ಧೀಕರಣ ಘಟಕದ ಕಡೆ ಹೋಗುತ್ತದೆ. ನಾವು ಗಾಡಿಗೆ ಹಾಕುವ ಕಸ ಅಜ್ಜಗೊಂಡನಹಳ್ಳಿಗೆ ಹೋಗುತ್ತದೆ. ಕುಡಿಯುವ ನೀರು ಮಾತ್ರ ನಮಗೆ ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ಆ ಕೆರೆಗೆ ಗೊರೂರಿನಿಂದ ಕಾಲುವೆಯಲ್ಲಿ ಹೇಮಾವತಿ ಬರುತ್ತಾಳೆ. ದೂರದ ಒಳ್ಳೆಯ ನೀರು ನಮಗೆ, ನಮ್ಮ ಕೊಳೆ ಪಕ್ಕದ ಹಳ್ಳಿಗೆ. ಆ ಹಳ್ಳಿಗಳ ಜನ ನಮ್ಮ ನೆರೆಯವರಲ್ಲವೇ? ಜಿಬ್ರೀಲ್ (ಅ) ನೆರೆಯವನ ಹಕ್ಕಿನ ಬಗ್ಗೆ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ನೆರೆಯವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುತ್ತಾರೇನೋ ಎಂದು ಪ್ರವಾದಿಯವರಿಗೆ (ಸ) ಅನಿಸಿತ್ತು. ನಾವು ಭೀಮಸಂದ್ರದವರಿಗೆ ಬಿಟ್ಟುಹೋಗುತ್ತಿರುವ ವಾರಸು ಯಾವುದು?

ಗುಬ್ಬಿ, ಕುಣಿಗಲ್‌ನಿಂದ ಬಂದಿರುವ ಸಹೋದರರು ಇದು ತುಮಕೂರಿನವರ ಪಾಡು ಎಂದುಕೊಳ್ಳಬೇಡಿ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲೂಕಿನ ಕಡಬ ಕೆರೆ ಹಾದು, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ ಕಾವೇರಿಗೆ ಸೇರುತ್ತಾಳೆ. ಜನಪದರು ಹಾಡಿ ಹೊಗಳಿದ ಕೆರೆ ಕುಣಿಗಲ್‌ನ ಊರಿಗೆ ಅಂಟಿಕೊಂಡೇ ಇದೆ. ಮೋರಿಗೆ ಹೊಗಳಿಕೆ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಬಯಲುಸೀಮೆಯ ಯಾವ ಊರಿನಲ್ಲಿ ಮೋರಿಗೆ ಬಿಟ್ಟದ್ದೂ ಕೊನೆಗೆ ಹುಡುಕುವುದು ಒಂದು ಕೆರೆಯನ್ನೇ.

ಯುಜಿಡಿ ಇಲ್ಲದ ಬೀದಿಗಳ ಮಾತು ಇನ್ನೂ ಗಂಭೀರ. ಅಲ್ಲಿ ನಾವು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ಬಹಳಷ್ಟು ಮನೆಗಳಲ್ಲಿ ತಳವಿಲ್ಲದ ಒಂದು ಗುಂಡಿ ಅಷ್ಟೆ. ಗುಂಡಿ ತುಂಬಲೇ ಇಲ್ಲ, ಹತ್ತು ವರ್ಷವಾಯಿತು ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ತುಂಬಲಿಲ್ಲ ಎಂದರೆ ನೀರು ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ನಮ್ಮದು ಗಟ್ಟಿ ಕಲ್ಲಿನ ನೆಲ. ಮಣ್ಣಾದರೆ ಸೋಸುತ್ತದೆ, ಬಂಡೆಯ ಬಿರುಕು ಸೋಸುವುದಿಲ್ಲ. ಬಿರುಕು ಹಿಡಿದು ಹೋದ ಕೊಳಚೆ ಎದುರು ಮನೆಯ ಬೋರ್‌ವೆಲ್‌ನಲ್ಲಿ ಮೇಲೆ ಬರಬಹುದು. ಮಲಮೂತ್ರದಿಂದ ನೈಟ್ರೇಟ್ ಎಂಬ ಲವಣ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ, ಮಗು ನೀಲಿಗಟ್ಟುತ್ತದೆ. ತಾಯಂದಿರು ಇದನ್ನು ನೆನಪಿಡಬೇಕು: ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಣ್ಣ, ವಾಸನೆ, ರುಚಿ ನೋಡಿ ನೀರು ಪಾಕ್ ಎನ್ನುವುದು ವುಝೂವಿಗೆ ಸಾಕು. ಮಗುವಿನ ಹಾಲಿನ ಪುಡಿ ಕಲಸಲು ಸಾಲದು. ಬೋರ್‌ವೆಲ್ ನೀರು ಕುಡಿಯುವವರು ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. 2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿ ಹಬ್ಬಿ ಜೀವಗಳು ಹೋದದ್ದನ್ನು ಅಷ್ಟು ಬೇಗ ಮರೆಯಬಾರದು.

ಸರಿಯಾದ ಸೆಪ್ಟಿಕ್ ಟ್ಯಾಂಕ್ ಅಂದರೆ ತಳವೂ ಗೋಡೆಯೂ ನೀರು ಸೋರದಂತೆ ಕಟ್ಟಿದ್ದು. ಒಳಗೆ ಎರಡು ಭಾಗ, ಮೊದಲಿನದು ದೊಡ್ಡದು. ಭಾರವಾದದ್ದು ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಎರಡನೆಯ ಭಾಗಕ್ಕೆ ಹೋಗಿ ಅಲ್ಲಿಂದ ಇಂಗುಗುಂಡಿಗೆ ಇಳಿಯುತ್ತದೆ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೆಳಗಿನ ಕೆಸರನ್ನು ನಿಧಾನವಾಗಿ ಕರಗಿಸುತ್ತವೆ. ಪೂರ್ತಿ ಕರಗಿಸುವುದಿಲ್ಲ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ಫಿನೈಲ್, ಆಸಿಡ್ ಬಾಟಲಿಗಟ್ಟಲೆ ಸುರಿದರೆ ಆ ಜೀವಿಗಳೂ ಸಾಯುತ್ತವೆ, ಟ್ಯಾಂಕ್ ಬರೀ ತೊಟ್ಟಿಯಾಗುತ್ತದೆ. ಹಳ್ಳಿಯಲ್ಲಿ ಜಾಗ ಇರುವವರಿಗೆ ಜೋಡಿ ಗುಂಡಿಯ ಪಾಯಖಾನೆ ಒಳ್ಳೆಯದು. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಎರಡು ವರ್ಷ ಸುಮ್ಮನಿದ್ದರೆ ಒಣಗಿ, ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಬಂಡೆ ನೆಲದಲ್ಲಿ ಇನ್ನೂ ಹೆಚ್ಚು.

ಇಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಆ ಗೊಬ್ಬರ ಮುಟ್ಟಬಹುದೇ, ಶುದ್ಧೀಕರಿಸಿದ ನೀರು ಗಿಡಕ್ಕೆ ಹಾಕಬಹುದೇ, ನಜಿಸ್ ಅಲ್ಲವೇ ಎಂದು. ಹನಫಿ ಫಿಕ್ಹ್‌ನಲ್ಲಿ ಇಸ್ತಿಹಾಲಾ ಎಂಬ ನಿಯಮವಿದೆ. ಒಂದು ವಸ್ತುವಿನ ಸ್ವರೂಪವೇ ಬದಲಾಗಿ ಬೇರೆ ವಸ್ತುವಾದರೆ ಅದರ ಹುಕುಮ್ ಕೂಡ ಬದಲಾಗುತ್ತದೆ. ಉಪ್ಪಿನ ಗಣಿಯಲ್ಲಿ ಬಿದ್ದ ಕತ್ತೆ ಉಪ್ಪಾಗಿಬಿಟ್ಟರೆ ಅದು ಉಪ್ಪೇ ಎಂದು ಗ್ರಂಥಗಳು ಉದಾಹರಣೆ ಕೊಡುತ್ತವೆ. ಮಲ ಮಣ್ಣಾದ ಮೇಲೆ ಅದು ಮಣ್ಣು. ಇನ್ನು ನೀರಿನ ವಿಷಯ. ಮಕ್ಕಾದ ರಾಬಿತಾದ ಫಿಕ್ಹ್ ಸಮಿತಿ 1989ರಲ್ಲೇ ಇದನ್ನು ಚರ್ಚಿಸಿತು. ಕೊಳಚೆ ನೀರನ್ನು ಸಂಸ್ಕರಿಸಿ ಅದರ ಬಣ್ಣ, ರುಚಿ, ವಾಸನೆಗಳಲ್ಲಿ ನಜಾಸತ್‌ನ ಗುರುತು ಉಳಿಯದಿದ್ದರೆ ಅದು ಪಾಕ್ ಎಂದು ತೀರ್ಮಾನಿಸಿತು. ಹಾಗೆಂದು ಅರೆಬರೆ ಶುದ್ಧ ಮಾಡಿದ ನೀರಿಗೆ ಫತ್ವಾದ ಹೊದಿಕೆ ಹಾಕಬಾರದು. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ ಕೆರೆಗಳು ತುಂಬಿದವು. ಎರಡು ಹಂತ ಸಾಲದು, ಮೂರನೆಯ ಹಂತದ ಶುದ್ಧೀಕರಣವೂ ಬೇಕು ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು ಎಂದೇ ನಮ್ಮ ಅಭಿಪ್ರಾಯ.

ನಮಗೆ ಹತ್ತಿರದಲ್ಲೇ ಒಂದು ಒಳ್ಳೆಯ ಮಾದರಿ ಇದೆ. ದೇವನಹಳ್ಳಿಯಲ್ಲಿ ಯುಜಿಡಿ ಇರಲಿಲ್ಲ. 2015ರಲ್ಲಿ ಅಲ್ಲಿ ಗುಂಡಿಗಳ ಕೆಸರನ್ನು ಶುದ್ಧೀಕರಿಸುವ ಘಟಕ ಬಂತು, ದೇಶದಲ್ಲಿ ಪಟ್ಟಣವೊಂದಕ್ಕೆ ಕಟ್ಟಿದ ಮೊದಲನೆಯದು. ದಿನಕ್ಕೆ 6,000 ಲೀಟರ್ ಸಾಮರ್ಥ್ಯ. ಟ್ಯಾಂಕರ್ ತಂದು ಸುರಿದದ್ದನ್ನು ಕೊಳೆಸಿ, ನೀರು ಬೇರೆ ಮಾಡಿ, ಉಳಿದದ್ದನ್ನು ಹಾಸುಗಳಲ್ಲಿ ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಅಂಥದೊಂದು ನಮ್ಮ ಸಣ್ಣ ಊರುಗಳಿಗೂ ಬೇಕೆಂದು ಗುಬ್ಬಿಯ, ಕುಣಿಗಲ್‌ನ ಜಮಾಅತ್‌ಗಳು ಬೇರೆ ಸಮುದಾಯದವರನ್ನೂ ಕೂಡಿಕೊಂಡು ಕೇಳಬಹುದು. ಕೊಳಚೆಯಲ್ಲಿ ಹಿಂದೂ ಮುಸ್ಲಿಮ್ ಎಂಬ ಭೇದ ಇಲ್ಲವಲ್ಲ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಗುಂಡಿ ತುಂಬಿದಾಗ ಕೆಲವರು ಇನ್ನೂ ಮನುಷ್ಯರನ್ನು ಇಳಿಸುತ್ತಾರೆ. ಸಕ್ಕಿಂಗ್ ಗಾಡಿ ಓಣಿಯೊಳಗೆ ಬರುವುದಿಲ್ಲ, ಬಂದರೂ ದುಡ್ಡು ಜಾಸ್ತಿ ಎಂಬುದು ನೆಪ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ತುಂಬಿರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಕೆಲವು ಉಸಿರಿನಲ್ಲೇ ಪ್ರಜ್ಞೆ ಹೋಗುತ್ತದೆ. ಅವನನ್ನು ಎತ್ತಲು ಇಳಿದ ತಮ್ಮನೋ ಗೆಳೆಯನೋ ಅಲ್ಲೇ ಬೀಳುತ್ತಾನೆ. 2013ರ ಕಾನೂನಿನ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಒಬ್ಬನನ್ನು ಗುಂಡಿಗೆ, ಚೇಂಬರ್‌ಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಸತ್ತವನ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನನ್ನು ಪಕ್ಕಕ್ಕಿಡಿ. ಒಂದು ಜೀವ ತೆಗೆಯುವುದು ಇಡೀ ಮನುಕುಲದ ಜೀವ ತೆಗೆದಂತೆ ಎಂದು ಸೂರಃ ಅಲ್ ಮಾಇದಃದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಒಂದೆರಡು ಸಾವಿರ ರೂಪಾಯಿ ಉಳಿಸಲು ಯಾರದೋ ಮನೆಯ ಮಗನನ್ನು ನಮ್ಮ ಮಲದ ಗುಂಡಿಗೆ ಇಳಿಸಿ, ಅದೇ ಮನೆಯಲ್ಲಿ ವುಝೂ ಮಾಡಿ ಬಂದು ನಾವು ಸಫ್‌ನಲ್ಲಿ ನಿಲ್ಲುವುದು ಹೇಗೆ? ಗಾಡಿ ಬಾರದ ಓಣಿಗೆ ಉದ್ದ ಪೈಪಿನ ಗಾಡಿ ಕಳಿಸಿ ಎಂದು ಪಾಲಿಕೆಯನ್ನು ಕೇಳಿ. ಹತ್ತು ಮನೆಯವರು ಒಟ್ಟಾಗಿ ತರಿಸಿದರೆ ಖರ್ಚೂ ಹಂಚಿಹೋಗುತ್ತದೆ. ದುಡ್ಡಿಲ್ಲದ ಮನೆಯ ಪಾಲನ್ನು ಉಳಿದವರು ಸದಕಾ ಎಂದು ಕೊಡಲಿ.

ಯುಜಿಡಿ ಇರುವವರಿಗೂ ಎರಡು ಮಾತು. ಮಳೆ ಬಂದಾಗ ಚೇಂಬರ್ ಉಕ್ಕಿ ಬೀದಿಯಲ್ಲಿ ಹರಿಯುವುದಕ್ಕೆ ಒಂದು ಕಾರಣ, ನಾವು ತಾರಸಿಯ ನೀರಿನ ಪೈಪನ್ನು ಯುಜಿಡಿಗೆ ಸೇರಿಸಿರುವುದು. ಆ ಪೈಪುಗಳ ಅಳತೆ ಕೊಳಚೆಗೆ ಮಾತ್ರ. ಮಳೆ ನೀರನ್ನು ಬೇರೆ ಮಾಡಿ, ಸಾಧ್ಯವಾದರೆ ಇಂಗಿಸಿ. ಎರಡನೆಯದು ಅಡುಗೆ ಮನೆ. ಬಿರಿಯಾನಿ ಡೇಗ್ ತೊಳೆದ ಜಿಡ್ಡು ಪೈಪಿನಲ್ಲಿ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ. ಮಕ್ಕಳ ಡೈಪರ್, ಪ್ಯಾಡ್‌ಗಳನ್ನು ಪಾಯಖಾನೆಗೆ ಹಾಕಬಾರದು, ಹಸಿ ಕಸಕ್ಕೂ ಬೆರೆಸಬಾರದು. ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಿ. ನಾವು ಬೆರೆಸಿ ಕೊಟ್ಟದ್ದನ್ನು ಬರಿಗೈಯಲ್ಲಿ ಬಿಡಿಸುವವಳು ಒಬ್ಬ ಹೆಣ್ಣುಮಗಳು. ದಾರಿಯಿಂದ ತೊಂದರೆಯ ವಸ್ತು ತೆಗೆಯುವುದು ಈಮಾನ್‌ನ ಒಂದು ಕೊಂಬೆ ಎಂದ ಮೇಲೆ, ದಿನವೂ ಆ ಕೆಲಸ ಮಾಡುವವಳಿಗೆ ಸಲಾಮ್ ಹೇಳಲು, ಒಂದು ಲೋಟ ನೀರು ಕೊಡಲು ಹಿಂಜರಿಯಬೇಕೇ?

ಮಸೀದಿಯ ವುಝೂ ನೀರಿನ ಬಗ್ಗೆ ಕಮಿಟಿಯ ಮುಂದೆ ಒಂದು ಸಲಹೆ ಇಟ್ಟಿದ್ದೇವೆ. ಹಝ್ರತ್ ಅನಸ್ (ರ) ವರದಿ ಮಾಡಿದಂತೆ ಪ್ರವಾದಿಯವರು (ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರ್ ಹತ್ತಿರದ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಲ್ಲಿ ಪೂರ್ತಿ ತಿರುಗಿಸಿ ಮಾತಾಡುತ್ತಾ ತೊಳೆಯುವ ನಮಗೆ ಐದು ಲೀಟರೂ ಸಾಲದು. 200 ಜನ ತಲಾ ಐದು ಲೀಟರ್ ಬಳಸಿದರೆ ಒಂದೇ ಹೊತ್ತಿಗೆ 1,000 ಲೀಟರ್ ಯುಜಿಡಿ ಪಾಲು. ವುಝೂ ಮಾಡಿದ ನೀರಿನಿಂದ ಮತ್ತೆ ವುಝೂ ಆಗುವುದಿಲ್ಲ, ಆದರೆ ಆ ನೀರು ನಜಿಸ್ ಅಲ್ಲ. ಜಲ್ಲಿ, ಮರಳು ತುಂಬಿದ ತೊಟ್ಟಿಯಲ್ಲಿ ಹಾಯಿಸಿ ಖಬರಸ್ತಾನದ ಗಿಡಗಳಿಗೆ ಬಿಡಬಹುದು.

ಬಕ್ರೀದ್‌ಗೆ ಇನ್ನೂ ಸಮಯವಿದೆ, ಆದರೂ ಈಗಲೇ ಹೇಳಿಬಿಡುತ್ತೇವೆ. ಕುರ್ಬಾನಿಯ ರಕ್ತ, ಕರುಳು, ಮೂಳೆ ಮೋರಿಗೆ ಹೋಗಬಾರದು. ಪ್ರತಿ ಗಲ್ಲಿಗೆ ಇಬ್ಬರು ಯುವಕರು ಹೊಣೆ ಹೊರಬೇಕು. ಗಟ್ಟಿ ಚೀಲಗಳನ್ನು ಕಮಿಟಿಯೇ ಹಂಚಲಿದೆ. ಗಾಡಿಯ ಸಮಯಕ್ಕಾಗಿ ಪಾಲಿಕೆಗೆ ಅರ್ಜಿ ಕೊಡುವ ಕೆಲಸ ಮುತವಲ್ಲಿ ಸಾಹೇಬರದು. ಹೆಸರು ಕೊಡುವ ಯುವಕರು ಇಂದು ಇಶಾ ನಮಾಝ್ ಆದ ಮೇಲೆ ಒಳಗಿನ ಸಫ್‌ನಲ್ಲೇ ಕುಳಿತಿರಿ. ನಮ್ಮ ಗಲ್ಲಿಯಲ್ಲಿ ಯಾರ ಗುಂಡಿ ತುಂಬಿದೆ, ಯಾರ ಮನೆಗೆ ಸಕ್ಕಿಂಗ್ ಗಾಡಿ ಬೇಕು ಎಂಬ ಪಟ್ಟಿಯನ್ನೂ ಅಲ್ಲೇ ಬರೆದುಕೊಳ್ಳುತ್ತೇವೆ.