ಕೈ ಕಲಿತ ಮೇಲೆ



ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ ನನಗೆ ಇಪ್ಪತ್ತು ವರ್ಷ ದಾಟಿತು. ಚಿತ್ರ ಬರೆಯಲು ಬಾರದು ಎಂದು ಕೈಬಿಟ್ಟ ಮಕ್ಕಳನ್ನು ಬಹಳ ಕಂಡಿದ್ದೇನೆ. ಆದರೆ ಚೆನ್ನಾಗಿ ಬರೆಯಲು ಬಂದ ಮೇಲೆ ಕೈಬಿಟ್ಟ ಒಬ್ಬ ಹುಡುಗಿಯ ಸಂಗತಿಯನ್ನು ಇಂದು ನಿಮ್ಮೊಡನೆ ಹೇಳಿಕೊಳ್ಳಬೇಕೆಂದಿದ್ದೇನೆ. ಅಂಥ ಮಗು ನಿಮ್ಮ ಮನೆಯಲ್ಲೂ ಇರಬಹುದು.

ಈ ಹುಡುಗಿ ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೆ ಮಸಿಕೆಂಡದಲ್ಲಿ ಬರೆಯುತ್ತಿದ್ದಳು. ಕೋಳಿ, ದನ, ಬಸ್ಸು, ಕಣ್ಣಿಗೆ ಬಿದ್ದದ್ದೆಲ್ಲ ಅಲ್ಲಿರುತ್ತಿತ್ತು. ದನಕ್ಕೆ ಐದು ಕಾಲು ಬಂದರೂ ಅವಳಿಗೆ ಚಿಂತೆಯಿರಲಿಲ್ಲ. ನನ್ನ ತರಗತಿಗೆ ಬಂದ ಮೇಲೆ ನಾನು ಅವಳಿಗೆ ಚೌಕುಳಿ ಹಾಕಿ ಬರೆಯುವುದನ್ನು ಕಲಿಸಿದೆ. ಫೋಟೋದ ಮೇಲೆ ಅಡ್ಡ ಉದ್ದ ಗೆರೆ ಎಳೆದು, ಅಷ್ಟೇ ಮನೆಗಳನ್ನು ಕಾಗದದ ಮೇಲೂ ಹಾಕಿ, ಒಂದೊಂದು ಮನೆಯನ್ನೇ ನೋಡಿ ತುಂಬುವ ಕ್ರಮ ಅದು. ಹುಡುಗಿ ಬೇಗ ಕಲಿತಳು. ಶಾಲಾ ಕಲೋತ್ಸವದ ಪೆನ್ಸಿಲ್ ಚಿತ್ರದಲ್ಲಿ ಎ ಗ್ರೇಡ್ ಬಂತು. ನೆರೆಕರೆಯವರು ತೀರಿಹೋದ ಅಜ್ಜ ಅಜ್ಜಿಯರ ಫೋಟೋ ತಂದು ಬರೆಸಿಕೊಂಡು ಹೋದರು. ಎಲ್ಲರ ಬಾಯಲ್ಲೂ ಒಂದೇ ಮಾತು: 'ಫೋಟೋದ ಹಾಗೆಯೇ ಉಂಟು!'

ಹತ್ತನೆಯ ತರಗತಿಗೆ ಬಂದಾಗ ಅವಳು ಬರೆಯುವುದನ್ನು ನಿಲ್ಲಿಸಿದಳು. ತಾಯಿ ಶಾಲೆಗೆ ಬಂದರು. 'ಮಾಷ್ಟ್ರೇ, ಇವಳಿಗೆ ಯಾರಾದರೂ ಏನಾದರೂ ಹೇಳಿದರಾ? ಮೂರು ತಿಂಗಳಾಯಿತು, ಪೆನ್ಸಿಲ್ ಮುಟ್ಟುವುದಿಲ್ಲ' ಎಂದರು. ನಾನು ಹುಡುಗಿಯನ್ನು ಕರೆದು ಕೇಳಿದೆ. ಅವಳು ನೆಲ ನೋಡುತ್ತ, 'ಫೋಟೋದ ಹಾಗೆಯೇ ಬರುತ್ತದೆ ಮಾಷ್ಟ್ರೇ. ಫೋಟೋ ಇದೆಯಲ್ಲ, ಮತ್ತೆ ನಾನು ಯಾಕೆ ಬರೆಯಬೇಕು?' ಎಂದಳು.

ಕೇಳುಗರೇ, ನನಗೆ ಉತ್ತರ ಹೊಳೆಯಲಿಲ್ಲ. ಚೌಕುಳಿ ಹಾಕಲು ಕಲಿಸಿದವನು ನಾನೇ ತಾನೆ! ಅದರಿಂದ ಹೊರಗೆ ಬರುವ ದಾರಿಯನ್ನು ನಾನು ಕಲಿಸಿರಲಿಲ್ಲ. ಆ ರಾತ್ರಿ ನೆನಪಾದವರು ನಮ್ಮ ಕರಾವಳಿಯವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಮರುದಿನ ಅವರ ಕತೆಯನ್ನು ಹುಡುಗಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ. ಆಗ ಉಡುಪಿಯೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು; ಬೇರೆಯಾದದ್ದು 1956ರಲ್ಲಿ. ಬಡತನದಲ್ಲಿ ಬೆಳೆದ ಹುಡುಗ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು. ಕಂಡದ್ದನ್ನು ಕಂಡಂತೆ ಬರೆಯುವ ವಿದ್ಯೆ ಅಲ್ಲಿ ಚೆನ್ನಾಗಿ ಒಲಿಯಿತು. 1940ರ ಸುಮಾರಿಗೆ ಅದೇ ಶಾಲೆಯಲ್ಲಿ ಅಧ್ಯಾಪಕರೂ ಆದರು. ಕೈಯಲ್ಲಿ ವಿದ್ಯೆ, ತಿಂಗಳ ಸಂಬಳ. ಬೇರೆ ಯಾರಾದರೂ ಅಲ್ಲಿಗೇ ನಿಲ್ಲುತ್ತಿದ್ದರು.

ಹೆಬ್ಬಾರರು ನಿಲ್ಲಲಿಲ್ಲ. ಕಲಿತದ್ದರಲ್ಲಿ ತನ್ನದು ಎಂಬುದು ಎಲ್ಲಿದೆ ಎಂದು ಹುಡುಕಿದರು. ಜೈನರ ಹಳೆಯ ಹಸ್ತಪ್ರತಿಗಳ ಚಿತ್ರಗಳನ್ನು ನೋಡಿದರು. ಯುರೋಪಿನ ಗೋಗ್ಯಾಂ, ನಮ್ಮ ದೇಶದ ಅಮೃತಾ ಶೇರ್‌ಗಿಲ್ ಇವರ ಕೃತಿಗಳು ಅವರ ಮೇಲೆ ಪ್ರಭಾವ ಬೀರಿದವು. ಕೇರಳಕ್ಕೆ ಬಂದು ಇಲ್ಲಿಯ ಹಸುರು, ಬಿಸಿಲು, ದುಡಿಯುವ ಜನ ಇವುಗಳನ್ನು ಬಣ್ಣಗಳಲ್ಲಿ ಹಿಡಿದರು. ಹೆಸರು ಬಂದ ಮೇಲೆ, ಮೂವತ್ತೆಂಟರ ಆಸುಪಾಸಿನಲ್ಲಿ, ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು.

ಇನ್ನೊಂದು ಸಂಗತಿ ಕೇಳಿ. ಅವರು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು. ವೇದಿಕೆ ಹತ್ತುವುದು ಉದ್ದೇಶವಾಗಿರಲಿಲ್ಲ. ಮೈಯ ಲಯ ಎಂದರೇನು ಎಂದು ತನ್ನ ಮೈಯಿಂದಲೇ ತಿಳಿಯುವುದಕ್ಕಾಗಿ ಕಲಿತರು. ಅವರ ರೇಖಾಚಿತ್ರಗಳನ್ನು ನೋಡಿದವರಿಗೆ ಇದರ ಫಲ ಗೊತ್ತು. ಕಣ್ಣು ಮೂಗು ಬಿಡಿಸಿರುವುದಿಲ್ಲ, ನಾಲ್ಕಾರು ಗೆರೆ ಅಷ್ಟೆ. ಆದರೆ ಕುಣಿಯುವವನು ಕುಣಿಯುತ್ತಾನೆ, ಹೊರೆ ಹೊತ್ತವಳ ಸೊಂಟ ಬಳುಕುತ್ತದೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ತೀರಿಕೊಳ್ಳುವವರೆಗೂ ಬದಲಾಗುತ್ತಲೇ ಇದ್ದರು.

ಇಷ್ಟು ದೊಡ್ಡವರ ಮಾತು ನಮಗೇಕೆ ಎನ್ನುತ್ತೀರಾ? ಹಾಗಾದರೆ ನಮ್ಮೂರ ಬಯಲಾಟದ ಚೌಕಿಗೆ ಬನ್ನಿ. ಹೊಸದಾಗಿ ಮೇಳ ಸೇರಿದ ಹುಡುಗ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಹಾಕುತ್ತಾನೆ. ಮೊದಮೊದಲು ಹಿರಿಯ ವೇಷಧಾರಿಯ ಗೆರೆಗಳನ್ನೇ ತನ್ನ ಮುಖದ ಮೇಲೆ ಎಳೆಯುತ್ತಾನೆ. ಆದರೆ ಅವರ ಮುಖ ಉದ್ದ, ಇವನದು ಗುಂಡು. ಅವರಿಗೆ ಒಪ್ಪಿದ ಹುಬ್ಬು ಇವನಿಗೆ ಒಪ್ಪುವುದಿಲ್ಲ. ವರ್ಷಗಟ್ಟಲೆ ಹಾಕಿ, ಬೆಳಗ್ಗೆ ತೊಳೆದು, ಮತ್ತೆ ಹಾಕಿ ಒಂದು ದಿನ ತನ್ನ ಮುಖಕ್ಕೆ ತಕ್ಕ ಗೆರೆಯನ್ನು ಕಂಡುಕೊಳ್ಳುತ್ತಾನೆ. ಆಗಲೂ ರಾವಣ ರಾವಣನೇ, ಸಂಪ್ರದಾಯ ತಪ್ಪಲಿಲ್ಲ. ಆದರೆ ಆ ರಾವಣ ಇವನ ರಾವಣ.

ಆದ್ದರಿಂದ ನಕಲು ಮಾಡುವುದು ತಪ್ಪಲ್ಲ. ಎಲ್ಲ ಕಲೆಯ ಬಾಗಿಲೂ ಅದೇ. ಬಾಗಿಲಲ್ಲೇ ಕುಳಿತುಬಿಡಬಾರದು, ಅಷ್ಟೆ. ಬರೆಯುವ ಮಗುವಿಗೆ ಒಂದು ದಿನ ಬೇಸರ ಬಂದರೆ ಅದನ್ನು ಸೋಮಾರಿತನ ಎಂದು ಬಯ್ಯಬೇಡಿ. ಕೈ ಕಲಿತು ಮುಗಿಯಿತು, ಮನಸ್ಸು ಇನ್ನೇನೋ ಕೇಳುತ್ತಿದೆ ಎಂದು ಅದರ ಅರ್ಥವಾಗಿರಬಹುದು. ನಮ್ಮ ಮನೆಗಳಲ್ಲಿ ಇದರಿಂದ ಹೊಟ್ಟೆ ತುಂಬೀತೇ ಎಂಬ ಪ್ರಶ್ನೆಯೂ ಬರುತ್ತದೆ. ಅದು ಸುಳ್ಳು ಪ್ರಶ್ನೆಯಲ್ಲ. ಹೆಬ್ಬಾರರೂ ಸಂಬಳಕ್ಕೆ ದುಡಿದವರೇ. ಹುಡುಗಿ ಪರೀಕ್ಷೆಗೆ ಓದಲಿ, ಕೆಲಸಕ್ಕೂ ಸೇರಲಿ. ಸಂಜೆ ಅರ್ಧ ಗಂಟೆ ಅವಳದಾಗಿರಲಿ, ಬಿಡಿ.

ಆ ಹುಡುಗಿಗೆ ನಾನು ಹೇಳಿದ್ದಿಷ್ಟೆ: 'ಒಂದು ತಿಂಗಳು ಫೋಟೋ ಬೇಡ, ರಬ್ಬರೂ ಬೇಡ. ಮನೆಯಲ್ಲಿ ಅಲ್ಲಾಡುವುದನ್ನು ನೋಡಿ ಬರೆ.' ಎರಡು ವಾರ ಅವಳ ಸುದ್ದಿಯಿರಲಿಲ್ಲ. ಆಮೇಲೆ ಹಳೆಯ ನೋಟುಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟಳು. ತುಂಬ ಅವಳ ಅಮ್ಮ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಅಮ್ಮ. ಬೆರಳು ಕೆಲವು ಕಡೆ ಆರಿತ್ತು, ಮುಖ ಗುರುತು ಹತ್ತುವಂತಿರಲಿಲ್ಲ. ಆದರೆ ಬೆನ್ನು ಬಾಗಿದ ಆ ಒಂದು ಗೆರೆ ಇತ್ತಲ್ಲ, ಅದರಲ್ಲಿ ಬೆಳಗಿನಿಂದ ಕುಳಿತ ದಣಿವೆಲ್ಲ ಇತ್ತು.

'ಅಮ್ಮ ಏನೆಂದರು?' ಎಂದು ಕೇಳಿದೆ.

'ನನ್ನ ಹಾಗೆ ಇಲ್ಲ ಎಂದರು ಮಾಷ್ಟ್ರೇ. ಮತ್ತೆ ಸ್ವಲ್ಪ ಹೊತ್ತು ನೋಡಿ, ನನಗೆ ಇಷ್ಟು ಬೆನ್ನು ಬಾಗಿದೆಯಾ ಎಂದು ಕೇಳಿದರು.'

ಬಾವಿಕಟ್ಟೆಯ ಮೇಲೆ ಐದು ಕಾಲಿನ ದನ ಬರೆದ ಹುಡುಗಿ ತಿರುಗಿ ಬಂದಿದ್ದಳು. ನಿಮ್ಮ ಮನೆಯ ಮಗುವಿನ ನೋಟುಪುಸ್ತಕವನ್ನೂ ಇಂದು ಒಮ್ಮೆ ಬಿಡಿಸಿ ನೋಡಿ.